ಒಂದು ಕೂಗಳತೆ

ಮೆಲ್ಬರ್ನಿನ ನಮ್ಮ ಕನ್ನಡ ಕುಟುಂಬಗಳನ್ನು ಭಾನುವಾರ ಕಾಡು ಸುತ್ತಿಸುವ ಅಚ್ಯುತ ಅಂಕಲ್‌ಗೆ ಕಿಲೋಮೀಟರಿನಲ್ಲಿ ನಂಬಿಕೆಯಿಲ್ಲ. ಮೈಯೆಲ್ಲ ಅಲುಗಾಡುವಂತೆ ಮಣ್ಣುದಾರಿಯಲ್ಲಿ ಜೀಪು ಓಡಿಸಿ, ಅದು ಹೋಗಲಾರದ ಕಡೆ ನಮ್ಮನ್ನು ಇಳಿಸಿ, ನೀಲಗಿರಿ ಮರಗಳ ನಡುವೆ ನಡೆಸುತ್ತಾರೆ. "ಇನ್ನೆಷ್ಟು ದೂರ ಅಂಕಲ್?" ಎಂದು ಯಾರೇ ಕೇಳಲಿ, "ಇಲ್ಲೇ, ಒಂದು ಕೂಗಳತೆ" ಎನ್ನುತ್ತಾರೆ. ಆ ಕೂಗಳತೆ ಮುಗಿಯುವಷ್ಟರಲ್ಲಿ ಎರಡು ಗುಡ್ಡ, ಒಂದು ತೊರೆ, ಕಟ್ಟಿಕೊಂಡು ಬಂದ ಚಿತ್ರಾನ್ನ ಎಲ್ಲವೂ ಮುಗಿದಿರುತ್ತವೆ. "ಫೋನಲ್ಲಿ ಸಿಗ್ನಲ್ಲೇ ಇಲ್ವಲ್ಲ" ಎಂದು ಯಾರಾದರೂ ಗೊಣಗಿದರೆ, "ಸಿಗ್ನಲ್ ನನ್ನ ಗಂಟಲಲ್ಲಿದೆ, ಬಾರಪ್ಪ" ಎನ್ನುತ್ತಾರೆ. ಎಲೆಗಳ ಘಮಕ್ಕೆ, ಮರಗಳ ಮೇಲೆ ತೇಲುವ ನೀಲಿ ಮಂಜಿಗೆ ನಮಗೆಲ್ಲ ನಡೆಯುತ್ತಲೇ ಜೊಂಪು ಹತ್ತಿ, ನಾಳೆಯ ಆಫೀಸು ಬೇರೆ ಯಾರದೋ ಕನಸಿನಂತೆ ಕಾಣುತ್ತದೆ. ಆಗ ಅಂಕಲ್ ದಪ್ಪ ಮರವೊಂದರ ಹಿಂದೆ ಮರೆಯಾಗಿ, ಬಾಯಿಗೆ ಕೈ ಅಡ್ಡ ಹಿಡಿದು, "ಕೂ..." ಎಂದು ಕರೆಯುತ್ತಾರೆ. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಅವರ ಮೊಮ್ಮಗಳು ಇಂಚರ, ಈ ದೇಶದ ಕಾಡುಗಳಲ್ಲಿ ಜನ ಒಬ್ಬರನ್ನೊಬ್ಬರು ಕರೆಯುವ ಹಾಗೆಯೇ, "ಕೂ...ಈ" ಎಂದು ತಿರುಗಿ ಕೂಗುತ್ತಾಳೆ. ತಾತ ಇಂಗ್ಲಿಷಿನಲ್ಲಿ ಕರೆದರೆಂದು ಅವಳು ತಿಳಿದಿದ್ದಾಳೆ. ಮೊಮ್ಮಗಳು ಕನ್ನಡದಲ್ಲಿ ಓಗೊಟ್ಟಳೆಂದುಕೊಂಡ ಇವರು, ಇನ್ನೊಮ್ಮೆ ಕೇಳುವ ಆಸೆಗೆ, ಮರದ ಹಿಂದಿನಿಂದ ಹೊರಗೆ ಬರುವುದೇ ಇಲ್ಲ.