ಕವಳಿಕಾಯಿ ಜಜ್ಜಿದ ದಿನ

ಕವಳಿಕಾಯಿಯನ್ನು ಕೊಯ್ಯಬಾರದು, ಜಜ್ಜಬೇಕು. ಇದು ಅವ್ವನ ಕಟ್ಟಪ್ಪಣೆ. ಚಾಕು ತಾಗಿದರೆ ಉಪ್ಪಿನಕಾಯಿ ಬೇಗ ಮೆತ್ತಗಾಗುತ್ತದಂತೆ. ಮಿಕ್ಸರಿನ ಹೆಸರೆತ್ತಿದರೆ ಅವಳ ಕಣ್ಣು ಕೆಂಪಾಗುತ್ತದೆ. ಹೀಗಾಗಿ ಮಳೆಗೆ ಮುಂಚೆ ಭೋರ್ ಕಡೆಯ ಗುಡ್ಡಗಳಿಂದ ಹಸಿರುಕಾಯಿ ಬಂದಾಗ ಅಡುಗೆಮನೆಯಲ್ಲಿ ಗೋಣಿಚೀಲ ಹಾಸಿ, ಒಂದೊಂದಕ್ಕೂ ಗುಂಡುಕಲ್ಲಿನಿಂದ ಒಂದೊಂದು ಏಟು ಹಾಕುತ್ತೇವೆ. ಮೂಗಿನ ತುದಿಯಲ್ಲೇ ಸಿಟ್ಟಿರುವ ನನಗೆ ಹೇಳಿ ಮಾಡಿಸಿದ ಕೆಲಸ.

ಬಿಬವೇವಾಡಿಯ ನಮ್ಮ ಮನೆಯಲ್ಲಿ ಇದ್ದದ್ದು ಅವ್ವ, ನಾನು ಇಬ್ಬರೇ ಹೆಂಗಸರು. ಆ ವರ್ಷ ತಂಗಿಯೂ ಬಂದಿದ್ದಳು. ನಿಗಡಿಯಲ್ಲಿದ್ದ ಗಂಡನ ಮನೆಯಿಂದ ಒಡೆದ ತುಟಿ, ಒಂದು ಬಟ್ಟೆ ಚೀಲ ಇಷ್ಟೇ ತಂದಿದ್ದಳು. ತಿರುಗಿ ಹೋಗುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ಅವ್ವನಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ. ಉಪ್ಪಿನಕಾಯಿ ಮುಗಿಸಿಕೊಂಡು ಮಗಳು ಹೊರಡುತ್ತಾಳೆ ಎಂದೇ ಅವ್ವ ನಂಬಿದ್ದಳು.

ಕಾಯಿ ಒಡೆದರೆ ಬಿಳಿ ಹಾಲು ಜಿನುಗುತ್ತದೆ. ಚರ್ಮಕ್ಕೆ ಅಂಟಿದರೆ ಸುಲಭಕ್ಕೆ ಹೋಗುವುದಿಲ್ಲ. ಮೂವರೂ ಮೊಣಕೈವರೆಗೆ ಶೇಂಗಾ ಎಣ್ಣೆ ಬಳಿದುಕೊಂಡು ಕೂತಿದ್ದೆವು. ಅವ್ವ ಹರಳುಪ್ಪಿಗೆ ಖಾರದಪುಡಿ ಬೆರೆಸುತ್ತಿದ್ದಳು. ಆಗ ತಂಗಿಯ ಗಂಡ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದ.

"ನಡಿ ಮನೀಗೆ," ಎಂದ.

"ಕೂಡ್ರಿ ಅಳಿಯಾರ, ಚಾ ಮಾಡ್ತೀನಿ. ಬರ್ತಾಳ ಆಕಿ," ಎಂದಳು ಅವ್ವ. ನನ್ನ ಮೈ ಉರಿದುಹೋಯಿತು.

"ನಾ ಬರೂದಿಲ್ಲ," ಎಂದಳು ತಂಗಿ, ತಲೆ ಎತ್ತದೆ.

ಅವನು ಅವಳ ಮಣಿಕಟ್ಟು ಹಿಡಿದು ಜಗ್ಗಿದ. ಎಣ್ಣೆಗೈ ಜಾರಿತು. ಜಗ್ಗಿದ ರಭಸಕ್ಕೆ ತಾನೇ ಹಿಂದಕ್ಕೆ ಹೋಗಿ ಪಾತ್ರೆಗಳ ಮೇಲೆ ಬಿದ್ದ. ನಾನು ಗಹಗಹಿಸಿ ನಕ್ಕುಬಿಟ್ಟೆ. ಅದು ಅವನನ್ನು ಮತ್ತಷ್ಟು ಕೆರಳಿಸಿತು.

ಈ ಸಲ ಕೂದಲಿಗೆ ಕೈ ಹಾಕಿದ. ಜಡೆಯನ್ನು ಮುಷ್ಟಿಗೆ ಸುತ್ತಿ ಎಳೆದು ಅವಳ ಹಣೆಯನ್ನು ಬಾಗಿಲ ಚೌಕಟ್ಟಿಗೆ ಗುದ್ದಿದ. ಬುಟ್ಟಿ ಉರುಳಿ ಕಾಯಿಗಳೆಲ್ಲ ಅವನ ಕಾಲಡಿ ಪುಡಿಯಾದವು.

"ನನ್ನ ಹೇಣ್ತಿ. ಹೊಡೀತೀನಿ, ಕೊಲ್ತೀನಿ. ನಿಮಗೇನ್ರಿ?"

ಗುಂಡುಕಲ್ಲು ನನ್ನ ಕೈಯಲ್ಲೇ ಇತ್ತು. ಬೀಸಿದೆ. ತಲೆಗೇ ಗುರಿಯಿಟ್ಟಿದ್ದೆ, ಸುಳ್ಳೇಕೆ ಹೇಳಲಿ? ಅವನು ತಿರುಗಿದ್ದರಿಂದ ಹೆಗಲಿಗೆ ಬಿತ್ತು. ಎಲುಬಿಗೆ ಕಲ್ಲು ಬಡಿದ ಸದ್ದು ಕೇಳಿ ನನಗೆ ಖುಷಿಯಾಯಿತು. ಇನ್ನೊಂದು ಏಟಿಗೆ ಕೈ ಎತ್ತಿದೆ. ಅವ್ವ ಎದ್ದು ಬಂದಳು. ನನ್ನ ಕೈ ಹಿಡಿಯಲಿಕ್ಕೇ ಬಂದಳು ಎಂದುಕೊಂಡೆ. ಅವಳು ಖಾರ ಬೆರೆಸಿದ ಉಪ್ಪನ್ನು ಬೊಗಸೆ ತುಂಬ ತಂದು ಅಳಿಯನ ಕಣ್ಣಿಗೇ ಎರಚಿದಳು.

"ನನ್ನ ಕಣ್ಮುಂದನ ಹೊಡೀತೀಯೇನೋ?"

ಅವನು ಚೀರುತ್ತ, ಗೋಡೆ ತಡವುತ್ತ ಮೆಟ್ಟಿಲಿಳಿದು ಹೋದ. ಅವ್ವ ಚಿಲಕ ಹಾಕಿದಳು. "ನೀ ಎಲ್ಲೂ ಹೋಗಬ್ಯಾಡವ್ವಾ. ಇಲ್ಲೇ ಇರು," ಎಂದು ತಂಗಿಗೆ ಹೇಳಿ ಅಲ್ಲೇ ಕುಸಿದು ಕೂತಳು. ನಾವು ಗೆದ್ದಿದ್ದೆವು. ನನಗೆ ಕುಣಿಯಬೇಕೆನಿಸಿತ್ತು.

ತಂಗಿಯ ಹಣೆಯಿಂದ ರಕ್ತ ಇಳಿಯುತ್ತಿತ್ತು. ಒರೆಸೋಣವೆಂದು ಹತ್ತಿರ ಹೋಗಿ ಸೆರಗು ಹಿಡಿದು ಕೈ ಎತ್ತಿದೆ. ಅವಳು ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡಳು.

"ಹೊಡೀಬ್ಯಾಡಕ್ಕಾ. ತಪ್ಪಾತು," ಎಂದಳು. ನನಗೆ.

ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ತಂಗಿ ಈಗ ನಮ್ಮೊಂದಿಗೇ ಇದ್ದಾಳೆ. ನಿಗಡಿಯ ಸುದ್ದಿ ಯಾರೂ ಎತ್ತುವುದಿಲ್ಲ. ಆಮೇಲೂ ಪ್ರತಿ ವರ್ಷ ಉಪ್ಪಿನಕಾಯಿ ಹಾಕಿದ್ದೇವೆ. ಭರಣಿಗಳು ಮೇಲಿನ ಹಲಗೆಯಲ್ಲಿರುತ್ತವೆ, ಅದರ ಕೆಳಗೆ ಅವಳು ಊಟಕ್ಕೆ ಕೂಡುತ್ತಾಳೆ. "ಭರಣಿ ತಗೀತೀನವ್ವಾ," ಎಂದು ಮೊದಲು ತಂಗಿಗೆ ಹೇಳಿ, ಅವಳು ಹೂಂ ಎಂದ ಮೇಲೆಯೇ ನಾನು ಕೈ ಎತ್ತುವುದು.