ಕತ್ತು ತಿರುಗಿಸಿದ ಕಲ್ಲುಗಳು

ಕುವೈತಿನಲ್ಲಿ ನನ್ನಷ್ಟು ಸುಳ್ಳು ಹೇಳಿದವರು ಇರಬಹುದು. ನನ್ನಷ್ಟು ಚೆನ್ನಾಗಿ ಹೇಳಿದವರು ಇಲ್ಲ. ಸಬ್ಹಾನಿನ ನಮ್ಮ ಕಾರ್ಮಿಕರ ಕ್ಯಾಂಪಿಗೆ ಹೊಸದಾಗಿ ಬಂದ ಒಬ್ಬನಿಗೆ, ಶುಕ್ರವಾರ ಒಂಟೆ ಕಂಡರೆ ಸಲಾಂ ಹೊಡೆಯದವನ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದಾಗುತ್ತದೆ ಎಂದು ನಂಬಿಸಿದ್ದೆ. ಪಾಪ, ಎರಡು ತಿಂಗಳು ಹೊಡೆದ. ಆಮೇಲೆ ಅವನೇ ನನ್ನ ರೂಮಿನವನಾದ. ಈ ಕಥೆಯ ಮದುಮಗನೂ ಅವನೇ.

ನಾನು ಕಂಪನಿಯ ಪಿಕಪ್ ಓಡಿಸುತ್ತಿದ್ದೆ. ಚಳಿಗಾಲ ಬಂತೆಂದರೆ ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ ಯಜಮಾನರು, ಜಹ್ರಾ ಊರು ದಾಟಿ ಉತ್ತರದ ಮರುಭೂಮಿಯಲ್ಲಿ ಗುಡಾರ ಹಾಕಿಸುತ್ತಿದ್ದರು. ಪ್ರತಿ ಶುಕ್ರವಾರ ಅಲ್ಲಿಗೆ ನೀರಿನ ಡ್ರಮ್ಮು ಮುಟ್ಟಿಸುವುದು ನನ್ನ ಕೆಲಸ. ಸೀಟಿನ ಕೆಳಗೆ ಸದಾ ಕ್ಯಾಮೆರಾ. ಬಿಲದ ಬಾಯಲ್ಲಿ ಕೂತ ನರಿಯ ಕಿವಿಯೊಳಗಿಂದ ಬಿಸಿಲು ಕೆಂಪಗೆ ಹಾಯುವುದನ್ನು ಹಿಡಿದಿದ್ದೇನೆ. ಮುಳ್ಳುಬಾಲದ ಉಡ ನನ್ನನ್ನು ಕಂಡು ಬಾಯಿ ತೆರೆದದ್ದನ್ನು ಹಿಡಿದಿದ್ದೇನೆ. ನೋಡಿ ಅಳೆಯದೆ ನಾನು ಗುಂಡಿ ಒತ್ತಿದ ದಿನವಿಲ್ಲ. ಒಂದು ದಿನ ಬಿಟ್ಟು.

ಅದು ೧೯೯೦ರ ಮಾರ್ಚ್. ನನ್ನ ರೂಮಿನವನಿಗೆ ಊರಿನಲ್ಲಿ ಹುಡುಗಿ ನೋಡಿದ್ದರು. ಅವನು ಫ್ಯಾಕ್ಟರಿಯಲ್ಲಿ ಮೂಟೆ ಹೊರುತ್ತಾನೆಂದು ಯಾರೋ ಹುಡುಗಿಯ ಮನೆಗೆ ಸುದ್ದಿ ಮುಟ್ಟಿಸಿದ್ದರು. ಸುದ್ದಿ ನಿಜವೇ. ಈಗ ಅವರು ಒಂದು ಫೋಟೋ ಕೇಳಿದ್ದರು. ಗಲ್ಫ್‌ನಲ್ಲಿ ಇದಕ್ಕೊಂದು ಪದ್ಧತಿಯಿತ್ತು: ಯಾರದಾದರೂ ಕಾರಿಗೆ ಒರಗಿ, ಕಪ್ಪು ಕನ್ನಡಕ ಹಾಕಿ ನಿಂತರಾಯಿತು. ಕಾರು ನನ್ನದು ಎಂದು ಯಾರೂ ಬರೆಯುತ್ತಿರಲಿಲ್ಲ, ಅಲ್ಲ ಎಂದೂ ಬರೆಯುತ್ತಿರಲಿಲ್ಲ. ಕಫೀಲರ ಹೊಸ ಬಿಳಿ ಕಾರು ಆ ಶುಕ್ರವಾರ ಗುಡಾರದ ಬಳಿ ಇರುತ್ತಿತ್ತು. ಜಾಬ್ರಿಯಾದಲ್ಲಿ ನರ್ಸ್ ಆಗಿದ್ದ ನಮ್ಮೂರಿನ ಹೆಂಗಸೊಬ್ಬರು ಮರುದಿನ ಬೆಳಿಗ್ಗೆ ವಿಮಾನ ಹತ್ತುವವರಿದ್ದರು. ಫೋಟೋದ ಲಕೋಟೆ ಆ ರಾತ್ರಿಯೊಳಗೆ ಅವರ ಕೈಗೆ ಸೇರಬೇಕಿತ್ತು.

ಅವನು ಬೇರೆಯವರ ಕೋಟು, ಬೇರೆಯವರ ಟೈ, ಬೇರೆಯವರ ಕಪ್ಪು ಕನ್ನಡಕ ಹಾಕಿ ನೀರಿನ ಪಿಕಪ್ಪಿನಲ್ಲಿ ಕೂತ.

"ರೀಲಿನಲ್ಲಿ ಎಷ್ಟು ಉಂಟು?"

"ಒಂದು. ಮೂವತ್ತೈದು ಮುಗೀತು. ಉಳಿದದ್ದು ನಿಂಗೆ."

"ಕುಶಾಲು ಮಾಡ್ಬೇಡಿ ಮಾರ್ರೆ, ಇದು ನನ್ನ ಮದುವೆಯ ವಿಷಯ."

"ನಾನು ಯಾವಾಗ ಕುಶಾಲು ಮಾಡಿದ್ದು?"

ದಾರಿಬದಿ ಒಂಟೆಯೊಂದು ನಿಂತಿತ್ತು; ಅವನು ಅದರ ಕಡೆ ಒಮ್ಮೆ ನೋಡಿದ, ಅಷ್ಟೆ.

ಗುಡ್ಡದ ಏರು ಮುಗಿದ ಮೇಲೆ, ಸೂರ್ಯ ಆಗಷ್ಟೇ ಮೇಲೆ ಬಂದಿದ್ದಾಗ, ಅವನಿಗೆ ಮೂತ್ರಕ್ಕೆ ಅವಸರವಾಯಿತು. ಬಯಲಿನಲ್ಲಿ ದೂರದವರೆಗೆ ಕಪ್ಪು ಕಲ್ಲುಗಳು ಚೆಲ್ಲಿದ್ದವು. ಹಿಂದಿನ ಶುಕ್ರವಾರ ಅಲ್ಲಿ ಕಲ್ಲಿರಲಿಲ್ಲವಲ್ಲ ಎಂದು ನನಗೆ ಹೊಳೆಯುವ ಹೊತ್ತಿಗೆ ಅವನು ಅವುಗಳ ಹತ್ತಿರಕ್ಕೇ ಹೋಗಿದ್ದ.

ಒಂದು ಕಲ್ಲು ಕತ್ತು ತಿರುಗಿಸಿತು.

ಹದ್ದುಗಳು. ನಮ್ಮೂರಿನ ಮೀನು ಮಾರ್ಕೆಟ್ಟಿನ ಮೇಲೆ ಸುತ್ತುವಂಥವಲ್ಲ. ಒಂದೊಂದೂ ಮಗುವನ್ನು ಕೂರಿಸಿದಷ್ಟು ಎತ್ತರ. ಉತ್ತರಕ್ಕೆ ವಲಸೆ ಹೊರಟವು, ಗಾಳಿ ಬಿಸಿಯಾಗುವವರೆಗೆ ನೆಲದಲ್ಲೇ ಕೂತಿದ್ದವು. ನೂರೋ ಇನ್ನೂರೋ, ಎಣಿಸಲಿಲ್ಲ. ಹೆಚ್ಚು ಹೇಳಿ ಅಭ್ಯಾಸವಿರುವ ನಾನೇ ಇಲ್ಲಿ ಕಡಿಮೆ ಹೇಳುತ್ತಿದ್ದೇನೆ. ಮೊದಲ ಹದ್ದು ರೆಕ್ಕೆ ಬಿಚ್ಚಿತು. ಆಮೇಲೆ ಬಯಲೇ ಎದ್ದಿತು. ಒದ್ದೆ ಕಂಬಳಿಗಳನ್ನು ಒಟ್ಟಿಗೆ ಕೊಡವಿದಂಥ ಸದ್ದು, ಮುಖಕ್ಕೆ ಮರಳು, ಪಿಕಪ್ಪಿನ ಮೇಲೆ ಹರಿದುಹೋಗುವ ನೆರಳುಗಳು. ಅವುಗಳ ನಡುವೆ ಕೋಟು ಹಾಕಿದ ಒಬ್ಬ ಮನುಷ್ಯ, ಕನ್ನಡಕ ಬಿದ್ದುಹೋದವನು, ಎರಡೂ ಕೈ ಇಳಿಬಿಟ್ಟು ಮೇಲೆ ನೋಡುತ್ತ ನಿಂತಿದ್ದ.

ಕ್ಯಾಮೆರಾ ಯಾವಾಗ ಕಣ್ಣಿಗೆ ಬಂತೋ ಗೊತ್ತಿಲ್ಲ. ಬೆರಳು ಒತ್ತಿತ್ತು, ರೀಲಿನ ಕೊನೆಯ ಫೋಟೋ ಮುಗಿದಿತ್ತು.

ಅವು ದೊಡ್ಡ ಸುತ್ತು ಹಾಕುತ್ತ ಮೇಲೇರಿ ಚುಕ್ಕೆಗಳಾದವು. ಅವನು ಬಂದು ಪಕ್ಕದಲ್ಲಿ ಕೂತ. ಇಳಿದ ಕೆಲಸವನ್ನೂ ಮರೆತಿದ್ದ.

ಗುಡಾರ ತಲುಪಿದಾಗ ಅವನು ಬಿಳಿ ಕಾರಿಗೆ ಒರಗಿ, ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ ನಿಂತ. ನಾನು ಕ್ಯಾಮೆರಾ ಎತ್ತಿದೆ. ರೀಲು ಮುಗಿದಿದೆ ಎಂದು ಹೇಳಬೇಕಿತ್ತು. ಊರಿಗೆಲ್ಲ ಧೈರ್ಯ ಹಂಚುವ ನನಗೆ ಅಷ್ಟು ಧೈರ್ಯ ಬರಲಿಲ್ಲ. ನಾಲಿಗೆಯಿಂದಲೇ 'ಟಕ್' ಎಂದೆ.

"ಬಂತಾ?"

"ಖಲಾಸ್. ಹೀರೋ ಹಾಗೆ ಬಂದಿದ್ದೀ."

ಸಾಲ್ಮಿಯಾದ ಸ್ಟುಡಿಯೋದಲ್ಲಿ ಸಂಜೆ ತೊಳೆದ ಫೋಟೋಗಳ ಲಕೋಟೆ ಕೈಗೆ ಬಂತು. ಅವನು ಒಂದೊಂದೇ ತಿರುವಿದ. ಕಾರು ಸಿಗಲಿಲ್ಲ. ಮತ್ತೆ ಮೊದಲಿಂದ ತಿರುವಿದ.

"ಟಕ್ ಅಂತ ಕೇಳಿತ್ತಲ್ಲ?"

"ಅದು ನನ್ನ ಬಾಯಿ," ಎಂದೆ.

ಬೈದಿದ್ದರೆ ಚೆನ್ನಾಗಿತ್ತು. ಅವನು ಫುಟ್‌ಪಾತಿನ ಅಂಚಿನಲ್ಲಿ ಕೂತುಬಿಟ್ಟ. "ಒಂದು ಸಲ, ನನಗೆ ಬೇಕಾದಾಗ ಒಂದೇ ಸಲ ಸತ್ಯ ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?" ಎಂದ. ನಾನೂ ಅವನ ಪಕ್ಕದಲ್ಲೇ ಕೂತೆ.

ಬೇರೆ ಫೋಟೋ ತೆಗೆಸಲು ಹೊತ್ತಿರಲಿಲ್ಲ. ಅವನು ಆ ಹದ್ದುಗಳ ಫೋಟೋವನ್ನೇ ದೀಪದ ಕಡೆ ಹಿಡಿದು ನೋಡಿದ, ನೋಡುತ್ತಲೇ ಇದ್ದ. ಕೊನೆಗೆ ನನ್ನ ಕಿಸೆಯ ಪೆನ್ನು ಎಳೆದು ಹಿಂಬದಿ ಬರೆದ: "ನನ್ನ ಹತ್ತಿರ ಕಾರಿಲ್ಲ. ಮೂಟೆ ಹೊರುವುದು ನಿಜ. ಇವತ್ತು ಬೆಳಿಗ್ಗೆ ಇದನ್ನು ನೋಡಿದೆ."

ಹುಡುಗಿ ಒಪ್ಪಿದ್ದಾಳೆಂದು ಏಪ್ರಿಲ್‌ನಲ್ಲಿ ಕಾಗದ ಬಂತು. ಆಗಸ್ಟಿನಲ್ಲಿ ಅದೇ ಉತ್ತರದ ದಾರಿಯಿಂದ ಇರಾಕಿನ ಟ್ಯಾಂಕುಗಳು ಬಂದವು. ಜೋರ್ಡಾನಿನ ಅಮ್ಮಾನ್ ದಾರಿಯಾಗಿ ನಾವು ಊರು ಸೇರುವಾಗ ನನ್ನ ಕೈಯಲ್ಲಿದ್ದದ್ದು ಒಂದು ಚೀಲ ಬಟ್ಟೆ. ಕ್ಯಾಮೆರಾ, ನೆಗೆಟಿವ್, ನರಿ, ಉಡ, ಎಲ್ಲ ಸಬ್ಹಾನಿನಲ್ಲೇ ಉಳಿದವು. ಆ ಬಯಲಿನಲ್ಲಿ ನೆಲಬಾಂಬು ಹೂತಿದ್ದಾರೆಂದು ಆಮೇಲೆ ಕೇಳಿದೆ.

ಮರುವರ್ಷ ಅವನ ಮದುವೆಯ ನಂತರ ಅವರ ಮನೆಗೆ ಊಟಕ್ಕೆ ಹೋದೆ. ಗೋಡೆಯ ಮೇಲೆ, ಗಾಜಿನ ಕಟ್ಟಿನೊಳಗೆ, ನಾನು ತೆಗೆದವುಗಳಲ್ಲಿ ಉಳಿದ ಆ ಒಂದೇ ಫೋಟೋ. ನೋಡುತ್ತ ನಿಂತುಬಿಟ್ಟೆ. ಅವನ ಹೆಂಡತಿ ಪಾನಕ ತಂದಳು.

"ಅಣ್ಣ, ಒಂದು ಕೇಳ್ಲಿಕ್ಕುಂಟು. ಈ ಹಕ್ಕಿಗಳು ನಿಜವಾ? ನಿಮ್ಮ ವಿಷಯ ಎಲ್ಲ ಇವರು ಹೇಳಿದ್ದಾರೆ, ಅದಕ್ಕೆ ಕೇಳಿದ್ದು."

"ನಿಜ," ಎಂದೆ. ಆಣೆ ಇಡಲು ಬಾಯಿ ತೆರೆದೆ. ಸುಳ್ಳಿಗೆ ಬಳಸದ ಆಣೆ ಒಂದೂ ನನ್ನಲ್ಲಿ ಉಳಿದಿರಲಿಲ್ಲ.

ಅವಳು ಫೋಟೋದಲ್ಲಿನ ಗಂಡನ ಮುಖದ ಮೇಲೆ ಬೆರಳಿಟ್ಟಳು. "ನಿಜವೇ ಇರ್ಬೇಕು ಬಿಡಿ. ಇವರಿಗೆ ಸುಳ್ಳಿಗೆ ಈ ಮುಖ ಮಾಡ್ಲಿಕ್ಕೆ ಬರುದಿಲ್ಲ."