ಅಳಿಯನ ಮುತ್ತಜ್ಜ

ಮ್ಯಾಕಲ್ಸ್‌ಫೀಲ್ಡಿನ ಔಷಧಿ ಕಾರ್ಖಾನೆಯಲ್ಲಿ ನಿವೃತ್ತನಾಗುವವರೆಗೆ ನಾನು ಮಾಡಿದ್ದು ಒಂದೇ ಕೆಲಸ: ಡಬ್ಬಿಯ ಮೇಲಿನ ಲೇಬಲ್ಲಿಗೂ ಒಳಗಿನ ಮಾತ್ರೆಗೂ ತಾಳೆಯಾಗುತ್ತದೆಯೇ ಎಂದು ನೋಡುವುದು. ಅಂಥ ನಾನು ಯಾರೋ ಒಬ್ಬನನ್ನು ಹಿಡಿದು ತಂದು, ಇವನೇ ನಿಮ್ಮ ಅಜ್ಜ ಎಂದು ಬೀಗರ ಮುಂದೆ ನಿಲ್ಲಿಸಿದೆ. ನಾನು ಪಾಸು ಮಾಡಿದ ಮಾತ್ರೆ ನುಂಗಿದವರು ಬದುಕಿದ್ದರೆ ಅದು ಅವರ ಪುಣ್ಯ.

ಬೀಗರೆಂದರೆ ಅಲನ್ ಓಲ್ಸನ್. ಸ್ಟಾಕ್‌ಪೋರ್ಟಿನವರು, ರೈಲಿನಲ್ಲಿ ಗಾರ್ಡ್ ಆಗಿದ್ದವರು. ರೈಲು ತಡವಾದರೆ ಪ್ರತಿ ಬೋಗಿಗೂ ಹೋಗಿ ತಾವೇ ಕ್ಷಮೆ ಕೇಳುತ್ತಿದ್ದರಂತೆ. ಈಗಲೂ ನಮ್ಮ ಮನೆಗೆ ಬಂದರೆ ಹೇಳಿದ ಹೊತ್ತಿಗಿಂತ ಮೊದಲೇ ಬಂದು, ಕಾರಿನಲ್ಲೇ ಕೂತು ಕಾಯುತ್ತಾರೆ. ಮಾತು ಬಹಳ ಕಡಿಮೆ. ಅವರ ಮಗ ಕ್ರಿಸ್‌ಗೂ ನಮ್ಮ ಮಗಳು ಸಿಂಚನಾಗೂ ಮದುವೆ ನಿಶ್ಚಯವಾಗಿತ್ತು. ಶಾಸ್ತ್ರೋಕ್ತವಾಗಿಯೇ ಆಗಬೇಕೆಂದು ಹಟ ಹಿಡಿದವನು ನಾನು.

ವಿನಾಯಕ ಭಟ್ಟರು ಮ್ಯಾಂಚೆಸ್ಟರಿನಲ್ಲಿ ವಾರವಿಡೀ ಸಾಫ್ಟ್‌ವೇರ್ ಮಾಡಿ ಶನಿವಾರ ಮದುವೆ ಮಾಡಿಸುವವರು. ಫೋನಿನಲ್ಲಿ ಹೇಳಿದರು: "ಗೋತ್ರ ಗೊತ್ತಿಲ್ದೇ ಇದ್ರೆ ಕಾಶ್ಯಪ ಅಂತ ಹೇಳ್ಬಿಡೋಣ ಸಾರ್. ಆದ್ರೆ ಕನ್ಯಾದಾನದಲ್ಲಿ ವರನ ಮುತ್ತಾತ, ತಾತ, ತಂದೆ, ಮೂರೂ ಹೆಸರು ಬೇಕೇ ಬೇಕು."

ಅಲನ್ ಅವರನ್ನು ಕೇಳಿದೆ. ತಂದೆ ಆಲ್ಬರ್ಟ್. ಅಜ್ಜ ಪೇಡರ್ ಓಲ್ಸನ್, ನಾರ್ವೆಯಿಂದ ಬಂದವನು, ಸ್ಟಾಕ್‌ಪೋರ್ಟಿನ ಟೋಪಿ ಕಾರ್ಖಾನೆಯಲ್ಲಿ ಕೂಲಿ. ಹೆಸರು, ಕೆಲಸ ಆಲ್ಬರ್ಟರ ಜನನ ಪತ್ರದಲ್ಲಿದ್ದವು. ಉಳಿದದ್ದು ಅಜ್ಜಿ ಮಗನಿಗೆ ಹೇಳಿದ್ದ ಮಾತು: ಹೆಂಡತಿಯನ್ನೂ ಕೈಗೂಸನ್ನೂ ಬಿಟ್ಟು ಅಮೆರಿಕಾಕ್ಕೆ ಓಡಿಹೋದ. ಆಲ್ಬರ್ಟ್ ಸಾಯುವವರೆಗೂ ಅವನ ಹೆಸರೆತ್ತಲಿಲ್ಲ.

"ನನ್ನ ಹೆಸರು ಹೇಳಿ, ಅಪ್ಪನ ಹೆಸರು ಹೇಳಿ. ಅವನದು ಬೇಡ," ಎಂದರು ಅಲನ್.

ಬೇಡ ಎಂದದ್ದನ್ನು ಬಿಡುವ ಜಾಯಮಾನ ನನ್ನದಲ್ಲ. ಅಜ್ಜ ದೊಡ್ಡ ಮನುಷ್ಯ ಎಂದು ತೋರಿಸಿಕೊಟ್ಟರೆ ಒಪ್ಪಿಯಾರು ಎಂದುಕೊಂಡೆ. ಹುಡುಗನ ಮನೆತನ ಯಾವುದು ಎಂದು ಮೈಸೂರಿನಿಂದ ಪೀಡಿಸುತ್ತಿದ್ದ ನೆಂಟರ ಬಾಯಿಯೂ ಮುಚ್ಚುತ್ತದೆ. ಹಡಗಿನ ಪ್ರಯಾಣಿಕರ ಪಟ್ಟಿ, ಜನಗಣತಿ ಎಲ್ಲವೂ ಈಗ ಮನೆಯ ಕಂಪ್ಯೂಟರಿನಲ್ಲೇ ಸಿಗುತ್ತವೆ. ಹುಡುಕಲು ಕೂತವನಿಗೆ ಒಬ್ಬ ಪೇಡರ್ ಓಲ್ಸನ್ ಸಿಕ್ಕಿಯೇಬಿಟ್ಟ. 1921ರ ಏಪ್ರಿಲ್‌ನಲ್ಲಿ ಲಿವರ್‌ಪೂಲಿನಿಂದ ಬಾಸ್ಟನ್ನಿಗೆ ಹಡಗು ಹತ್ತಿದ್ದಾನೆ. ಅಮೆರಿಕಾದ ಮುಂದಿನ ಜನಗಣತಿಯಲ್ಲಿ ಅವನಿಗೆ ಸ್ವಂತ ಅಂಗಡಿ, ಸ್ವಂತ ಮನೆ, ಹೆಂಡತಿ, ನಾಲ್ವರು ಮಕ್ಕಳು.

ಎಲ್ಲವನ್ನೂ ಪ್ರಿಂಟ್ ಹಾಕಿ, ಅಲನ್ ಅವರನ್ನು ಚಹಾಕ್ಕೆ ಕರೆದೆ. ನಮ್ಮ ಜನರಲ್ಲಿ ಒಬ್ಬ ಅಮೆರಿಕಾದಲ್ಲಿ ಸೆಟಲ್ ಆಗಿ ಮನೆ ಕೊಂಡನೆಂದರೆ ಅವನ ಉಳಿದ ಪಾಪವೆಲ್ಲ ಮಾಫಿ. ಅದೇ ಗುಂಗಿನಲ್ಲಿ ಬೀಗರಿಗೂ ಶುಭ ಸಮಾಚಾರ ಹೇಳಿದೆ. "ನಿಮ್ಮ ಅಜ್ಜ ಅಲ್ಲಿ ಚೆನ್ನಾಗಿ ಮೇಲೆ ಬಂದಿದ್ದರು, ನೋಡಿ."

ಅಲನ್ ಹಾಳೆಯನ್ನು ಓದಿದರು. "ನಾಲ್ಕು ಮಕ್ಕಳು," ಎಂದರು. ಆಮೇಲೆ, "ಅಜ್ಜಿ ಸತ್ತಾಗ ಅಪ್ಪನಿಗೆ ಏಳು ವರ್ಷ. ಅನಾಥಾಶ್ರಮದಲ್ಲಿ ಬೆಳೆದರು," ಎಂದರು. ಚಹಾ ಮುಟ್ಟಲಿಲ್ಲ. ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ಮದುವೆಗೆ ಬರುತ್ತೇನೆ, ಆದರೆ ಆ ಹೆಸರು ಕಿವಿಗೆ ಬಿದ್ದರೆ ಎದ್ದು ಹೋಗುತ್ತೇನೆ ಎಂದು ಮೆಲ್ಲಗೆ ಹೇಳಿ ಹೋದರು.

ನನ್ನ ಹೆಂಡತಿ ಭಾಗೀರಥಿ ಕಪ್ಪು ಎತ್ತುತ್ತಾ ಕೇಳಿದಳು. "ರೀ, ಇವ್ನೇ ಅವ್ನು ಅಂತ ಹೇಗೆ ಗೊತ್ತಾಯ್ತು?"

"ಓಲ್ಸನ್ ಅಂತಿದೆಯಲ್ಲೇ."

"ಆ ಕಾಲದಲ್ಲಿ ನಾರ್ವೇಲಿ ಓಲೆ ಅನ್ನೋರ ಮಗ ಯಾರಾದ್ರೂ ಓಲ್ಸನ್ನೇ ಅಂತೆ, ಕ್ರಿಸ್ ಹೇಳ್ದ. ನಿಮ್ಮನ್ನ ಜಿಪಿ ಡಾಕ್ಟ್ರ ಹತ್ರ ಮಿಸ್ಟರ್ ಶ್ರೀಕಂಠಯ್ಯ ಅಂತ ಕೂಗಲ್ವಾ? ಅದು ಮಾವನವ್ರ ಹೆಸ್ರು ತಾನೇ. ಹಾಗಂತ ಊರಲ್ಲಿರೋ ಶ್ರೀಕಂಠಯ್ಯನ ಮಕ್ಕಳೆಲ್ಲ ನಮ್ಮನೆಯವ್ರಾ?"

ಈ ದೇಶಕ್ಕೆ ಬಂದಂದಿನಿಂದ, ಸತ್ತ ಅಪ್ಪನನ್ನು ಕೂಗಿದಾಗಲೆಲ್ಲ ಎದ್ದು ಹೋಗಿ ಬಿಪಿ ನೋಡಿಸಿಕೊಂಡು ಬಂದವನು ನಾನು. ಅದು ಹೊಳೆಯಬೇಕಾಗಿದ್ದದ್ದು ನನಗೆ. ಆ ಹೊತ್ತಿಗೆ ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ಮತ್ತೆ ಮೊದಲಿನಿಂದ ಹುಡುಕಿದೆ, ಈ ಸಲ ಹೆಸರಿನ ಜೊತೆ ಕೆಲಸವನ್ನೂ ತಾಳೆ ನೋಡುತ್ತಾ. ಇಂಗ್ಲೆಂಡಿನ ಜನಗಣತಿ ನಡೆದದ್ದು 1921ರ ಜೂನ್‌ನಲ್ಲಿ. ಬಾಸ್ಟನ್ನಿನವನು ಆಗಲೇ ಸಮುದ್ರ ದಾಟಿದ್ದ. ನಮ್ಮ ಪೇಡರ್, ಅದೇ ಟೋಪಿ ಕಾರ್ಖಾನೆಯ ಕೂಲಿ, ಮ್ಯಾಂಚೆಸ್ಟರಿನ ಆಚೆಯ ಒಂದು ಕ್ಷಯರೋಗದ ಆಸ್ಪತ್ರೆಯಲ್ಲಿ ಮಲಗಿದ್ದ. ಮರಣ ಪತ್ರ ತರಿಸಿದೆ. ಮುಂದಿನ ಜನವರಿಯಲ್ಲಿ ಅಲ್ಲೇ ತೀರಿಕೊಂಡಿದ್ದಾನೆ. ಸಾವನ್ನು ನೋಂದಣಿ ಕಚೇರಿಯಲ್ಲಿ ಬರೆಸಿದವಳು ಹೆಂಡತಿ.

ಅಂದರೆ ಅಜ್ಜಿಗೆ ಎಲ್ಲ ಗೊತ್ತಿತ್ತು. ಕ್ಷಯ ಎಂದರೆ ಬಾಡಿಗೆ ಮನೆ ಸಿಗದು, ಕೆಲಸವೂ ಸಿಗದು. ಅದಕ್ಕೇ ಅಮೆರಿಕಾ ಎಂದಿರಬೇಕು. ಇದು ನನ್ನ ಊಹೆ. ಆದರೆ ನನ್ನ ಚಿಕ್ಕಮ್ಮನಿಗೆ ಆ ಕಾಯಿಲೆ ಬಂದಾಗ ನಮ್ಮ ಮನೆಯಲ್ಲೂ ತವರಿಗೆ ಹೋಗಿದ್ದಾಳೆ ಎಂದೇ ಹೇಳುತ್ತಿದ್ದರು. ಮಗನಿಗೆ ನಿಜ ಹೇಳುವಷ್ಟು ದಿನ ಆ ತಾಯಿ ಬದುಕಲಿಲ್ಲ.

ಈ ಸಲ ನಾನೇ ಸ್ಟಾಕ್‌ಪೋರ್ಟಿಗೆ ಹೋದೆ. ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡಿದ್ದೆ. ಬಾಯಿಗೆ ಬಂದದ್ದು ಕ್ಷಮಿಸಿ ಎಂಬುದೊಂದೇ. ಅಲನ್ ಎರಡೂ ಕಾಗದಗಳನ್ನು ಓದಿ, ಮತ್ತೆ ಓದಿದರು.

"ಬಿಟ್ಟು ಹೋಗಿರಲಿಲ್ಲ," ಎಂದರು. "ಅಪ್ಪನಿಗೆ ಗೊತ್ತಾಗಲೇ ಇಲ್ಲ." ಹೆಸರು ಹೇಳಬಹುದೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಹೊರಟಾಗ ಅವರೇ, ನಿಮ್ಮ ಪುರೋಹಿತರಿಗೆ ಪೇಡರ್ ಎಂದು ಸರಿಯಾಗಿ ಹೇಳಲು ಬರುತ್ತದೆಯೇ ಎಂದರು.

ಮದುವೆಯ ದಿನ ಭಟ್ಟರು ಪೇಡರನ ಮರಿಮಗ, ಆಲ್ಬರ್ಟನ ಮೊಮ್ಮಗ, ಅಲನ್‌ನ ಮಗ ಎಂದು ಸಂಸ್ಕೃತದಲ್ಲಿ ಒಂದೇ ಉಸಿರಿಗೆ ಹೇಳಿದರು. ಪದ್ಧತಿಯಂತೆ ಮೂರು ಸಲ ಹೇಳಿ ಮುಗಿಸಿ, ಧಾರೆಯ ಚೊಂಬು ಎತ್ತಿಕೊಳ್ಳುವಂತೆ ನನಗೆ ಸನ್ನೆ ಮಾಡಿದರು. ಎದುರಿಗೆ ಕೂತಿದ್ದ ಅಲನ್ ನನ್ನ ತೋಳು ಮುಟ್ಟಿದರು.

"ಅಪ್ಪ, ಅಜ್ಜ ಇಬ್ಬರ ಹೆಸರನ್ನು ಇದುವರೆಗೆ ಯಾರೂ ಒಟ್ಟಿಗೆ ಹೇಳಿಲ್ಲ," ಎಂದರು. "ಇನ್ನೊಂದು ಸಲ ಹೇಳಿಸುತ್ತೀರಾ?"

ಭಟ್ಟರು ಗಡಿಯಾರ ನೋಡಿದರು. "ಸಾರ್, ಮುಹೂರ್ತ ಮೀರ್ತಾ ಇದೆ."

"ಮೀರ್ಲಿ, ಹೇಳಿ," ಎಂದೆ.